ಗಾರ್ಮೆಂಟ್ಸ್ ಗಾಡಿ ಹತ್ತುವ ಹೆಣ್ಣುಮಕ್ಕಳ ಬೊಜ್ಜಿನ ಕುರಿತು ಮೂವರು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಆಹಾರ ಮತ್ತು ನಾಗರಿಕ ಸರಬರಾಜು ಸಚಿವರಿಗೆ ಹಾಗೂ ಕಾರ್ಮಿಕ ಸಚಿವರಿಗೆ

ಮಾನ್ಯರೇ,

ನಾನು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಇಪ್ಪತ್ತೇಳು ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಸೇವೆಗೆ ಸೇರಿದ ಹೊಸತರಲ್ಲಿ ನನ್ನ ಚೀಲದಲ್ಲಿ ಇರುತ್ತಿದ್ದದ್ದು ಲಸಿಕೆಯ ಡಬ್ಬಿ, ಕಬ್ಬಿಣಾಂಶದ ಮಾತ್ರೆ, ಮಕ್ಕಳನ್ನು ತೂಗುವ ತಕ್ಕಡಿ. ಆಗ ನಮ್ಮ ಚಿಂತೆಯೆಲ್ಲ ಸೊರಗಿದ ಮಕ್ಕಳದ್ದು, ಬಡಕಲಾದ ಬಸುರಿಯರದ್ದು. ನಿವೃತ್ತಿಯ ಹೊತ್ತಿಗೆ ಅದೇ ಚೀಲಕ್ಕೆ ಸೊಂಟದ ಸುತ್ತಳತೆ ತೆಗೆಯುವ ಟೇಪು, ಬಿ.ಪಿ. ಯಂತ್ರ, ರಕ್ತದ ಸಕ್ಕರೆ ನೋಡುವ ಪಟ್ಟಿಗಳು ಬಂದು ಸೇರಿದ್ದವು. ಹಳೆಯ ಸಾಮಾನುಗಳಲ್ಲಿ ಒಂದನ್ನೂ ಹೊರಗೆ ತೆಗೆದಿಡುವಂತಾಗಿರಲಿಲ್ಲ. ಒಂದೇ ಮನೆಯಲ್ಲಿ ಮಗುವಿಗೆ ತಕ್ಕಡಿಯೂ ತಾಯಿಗೆ ಟೇಪೂ ಬೇಕಾಗುತ್ತಿದ್ದವು. ಎಷ್ಟೋ ಸಲ ಒಬ್ಬಳೇ ಹೆಂಗಸಿಗೆ ಬೊಜ್ಜಿನ ಲೆಕ್ಕವನ್ನೂ ಬರೆದು ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟು ಬಂದಿದ್ದೇನೆ.

ಈ ಪತ್ರವನ್ನು ಆರೋಗ್ಯ ಸಚಿವರೊಬ್ಬರಿಗೇ ಬರೆಯಬಹುದಿತ್ತು. ಬೊಜ್ಜು, ಸಕ್ಕರೆ ಕಾಯಿಲೆ, ಬಿ.ಪಿ. ಇವೆಲ್ಲ ಕಡತದಲ್ಲಿ ಆರೋಗ್ಯ ಇಲಾಖೆಗೆ ಸೇರಿದ ಬಾಬತ್ತುಗಳು. ಆದರೆ ನನ್ನ ತಾಲ್ಲೂಕಿನ ಬಡ ಹೆಣ್ಣುಮಕ್ಕಳ ಮೈಗೆ ಬೊಜ್ಜು ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅದು ನ್ಯಾಯಬೆಲೆ ಅಂಗಡಿಗೆ, ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಗೆ, ಕಾರ್ಖಾನೆಯ ಹೊಲಿಗೆ ಯಂತ್ರಗಳ ಸಾಲಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಆಗಬೇಕಾದ ಕೆಲಸ ಆಗದೆ ಹೋದರೆ, ನಮ್ಮಂಥವರು ಮನೆಮನೆಗೆ ಹೋಗಿ ಹೇಳುವ ಬುದ್ಧಿಮಾತಿನಿಂದ ಯಾರ ತೂಕವೂ ಇಳಿಯುವುದಿಲ್ಲ. ಇದನ್ನು ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು. ತಿಳಿಸಿಕೊಟ್ಟವಳು ಒಬ್ಬ ಹೆಣ್ಣುಮಗಳು.

ನಿವೃತ್ತಿಗೆ ಹಿಂದಿನ ವರ್ಷದ ಮಾತು. ಮೂವತ್ತು ದಾಟಿದ ಎಲ್ಲರ ಮನೆಗೂ ಹೋಗಿ ಅಸಾಂಕ್ರಾಮಿಕ ಕಾಯಿಲೆಗಳ, ಅಂದರೆ ಸಕ್ಕರೆ, ಬಿ.ಪಿ.ಯಂಥ ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ ಅರ್ಜಿ ತುಂಬುವ ಕೆಲಸ ನಡೆದಿತ್ತು. ತಂಬಾಕು ಉಂಟೇ, ಮದ್ಯ ಉಂಟೇ, ಸೊಂಟದ ಸುತ್ತಳತೆ ಎಷ್ಟು, ವಾರಕ್ಕೆ 150 ನಿಮಿಷವಾದರೂ ಮೈ ದಣಿಯುವ ಕೆಲಸ ಉಂಟೇ, ಮನೆತನದಲ್ಲಿ ಸಕ್ಕರೆ ಕಾಯಿಲೆ ಉಂಟೇ ಎಂದು ಕೇಳಿ ಅಂಕ ಹಾಕುವ ಅರ್ಜಿ ಅದು. ಹೆಂಗಸರ ಸೊಂಟ 80 ಸೆಂಟಿಮೀಟರಿನೊಳಗಿದ್ದರೆ ಸೊನ್ನೆ, 90ರವರೆಗೆ ಒಂದು, ಅದನ್ನೂ ದಾಟಿದರೆ ಎರಡು. ಗಾರ್ಮೆಂಟ್ಸ್‌ಗೆ ಹೋಗುವವರು ಮನೆಯಲ್ಲಿ ಸಿಗುವುದು ಭಾನುವಾರ ಮಾತ್ರವಾದ್ದರಿಂದ ಒಂದು ಭಾನುವಾರ ಆಶಾ ಕಾರ್ಯಕರ್ತೆಯೊಡನೆ ಆ ಹೆಣ್ಣುಮಗಳ ಮನೆಗೆ ಹೋದೆ. ಮೂವತ್ತನಾಲ್ಕು ವರ್ಷ. ಎತ್ತರ 151 ಸೆಂ.ಮೀ., ತೂಕ 71 ಕೆ.ಜಿ., ಸೊಂಟ 94 ಸೆಂ.ಮೀ. ಬಿ.ಪಿ. 150ರ ಮೇಲೆ. ಕೆಳಗಿನ ಕಣ್ಣರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 9ರ ಆಸುಪಾಸು, ಅಂದರೆ ರಕ್ತಹೀನತೆ. ನಾನು ಎಂದಿನಂತೆ, ದಿನಾ ಅರ್ಧ ಗಂಟೆ ನಡೆಯಬೇಕಮ್ಮ, ಅನ್ನ ಕಡಿಮೆ ಮಾಡಿ ಸೊಪ್ಪು ತರಕಾರಿ ಜಾಸ್ತಿ ತಿನ್ನಬೇಕು ಎಂದೆ. ಆಕೆ ಸಿಟ್ಟಾಗಲಿಲ್ಲ. "ಯಾವೊತ್ನಲ್ಲಿ ನಡೀಲಿ ಸಿಸ್ಟರ್? ನಾಕ್ ಗಂಟೆಗೇಳ್ತೀನಿ, ಆರೂವರೆಗೆ ಗಾಡಿ ಬತ್ತದೆ. ವಾಪಸ್ ಬರೋವೊತ್ಗೆ ಕತ್ಲಾಗಿರ್ತದೆ. ನೀವೇ ಹೊತ್ತು ಹೇಳಿ, ನಡೀತೀನಿ" ಎಂದಳು. ಅವಳ ದಿನದಲ್ಲಿ ಅಂಥದೊಂದು ಹೊತ್ತನ್ನು ಹುಡುಕಲು ನಾನು ಅಲ್ಲೇ ಕುಳಿತು ಪ್ರಯತ್ನಪಟ್ಟೆ. ಸಿಗಲಿಲ್ಲ.

ಅವಳ ಊಟದ ಡಬ್ಬಿಯ ವಿಚಾರವನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮುದ್ದೆಯ ಸೀಮೆಯವಳು ಅವಳು, ಅವಳ ಅತ್ತೆ ಇಂದಿಗೂ ರಾತ್ರಿ ಮುದ್ದೆಯಿಲ್ಲದೆ ಊಟವಾಯಿತು ಎನ್ನುವವರಲ್ಲ. ಆದರೆ ಮುದ್ದೆ ಡಬ್ಬಿಗೆ ಒಗ್ಗುವ ಊಟವಲ್ಲ. ಬಿಸಿಬಿಸಿ ಹಿಟ್ಟನ್ನು ಬಿಸಿ ಸಾರಿನಲ್ಲಿ ಅದ್ದಿ ನುಂಗಬೇಕು. ಆರು ತಾಸು ಡಬ್ಬಿಯಲ್ಲಿ ಕುಳಿತರೆ ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಹಿಟ್ಟು ತೊಳಸುವುದಕ್ಕೆ ಒಲೆಯ ಮುಂದೆ ನಿಲ್ಲುವ ಹೊತ್ತು ಬೇಕು, ರಾಗಿಯನ್ನು ಮಿಲ್ಲಿಗೆ ಹೊತ್ತು ಬೀಸಿಸಿಕೊಂಡು ಬರುವ ಕೈ ಬೇಕು. ಕುಕ್ಕರಿನ ಮೂರು ಸೀಟಿಗೆ ಆಗುವುದು ಅನ್ನ. ಹಾಗಾಗಿ ಬೆಳಗಿನ ತಿಂಡಿಗೆ ಚಿತ್ರಾನ್ನ, ಮಧ್ಯಾಹ್ನದ ಡಬ್ಬಿಗೆ ಅನ್ನ ಮತ್ತು ತೆಳ್ಳನೆಯ ಸಾರು, ರಾತ್ರಿ ಉಳಿದ ಅನ್ನ. ಸಂಜೆ ನಾಲ್ಕರ ಸುಮಾರಿಗೆ ತಲೆ ಸುತ್ತಿದಂತಾದಾಗ ಸಕ್ಕರೆ ತುಂಬಿದ ಒಂದು ಲೋಟ ಟೀ, ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ಇಲ್ಲವೇ ಹತ್ತು ರೂಪಾಯಿಯ ಬನ್ನು. ಮೇಲೆದ್ದು ಶೌಚಾಲಯಕ್ಕೆ ಹೋದರೆ ಹೊಲಿದು ಮುಗಿಸಬೇಕಾದ ಟಾರ್ಗೆಟ್ ಹಿಂದೆ ಬೀಳುತ್ತದೆಂದು ನೀರನ್ನೂ ಕಡಿಮೆ ಕುಡಿಯುತ್ತಾಳೆ. ತರಕಾರಿ ಮನೆಗೆ ಬರುವುದು ಸಂತೆಯ ದಿನ, ಅದೂ ಸಂಬಳದ ವಾರದಲ್ಲಿ ಧಾರಾಳವಾಗಿ, ತಿಂಗಳ ಕೊನೆಗೆ ಆಲೂಗಡ್ಡೆ ಈರುಳ್ಳಿಯಷ್ಟೇ. ಮನೆಗೆ ಹಿತ್ತಲಿಲ್ಲವಾದ್ದರಿಂದ ನಾಲ್ಕು ಮಡಿ ಸೊಪ್ಪು ಬೆಳೆದುಕೊಳ್ಳುವುದಕ್ಕೂ ಇಲ್ಲ. ಅವಳು ಹೊಟ್ಟೆಬಾಕಿಯಲ್ಲ, ದಿನಕ್ಕೆ ತಿನ್ನುವುದರಲ್ಲಿ ಹೊಟ್ಟೆ ತುಂಬಿಸುವ ಪದಾರ್ಥ ಹೆಚ್ಚು, ಮೈಗೆ ಹಿಡಿಯುವ ಪದಾರ್ಥ ಕಡಿಮೆ.

ನಮ್ಮ ಭಾಷೆಯಲ್ಲಿ ಕೊಬ್ಬು ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಮೈಯಲ್ಲಿ ಶೇಖರವಾಗುವುದು, ಇನ್ನೊಂದು ಸೊಕ್ಕು. "ಅವಳಿಗೆ ಕೊಬ್ಬು" ಎಂದರೆ ಯಾರೂ ವೈದ್ಯಕೀಯ ಅರ್ಥ ಮಾಡಿಕೊಳ್ಳುವುದಿಲ್ಲ. ದಪ್ಪಗಿರುವ ಬಡ ಹೆಂಗಸಿನ ಮೇಲೆ ಈ ಎರಡನೆಯ ಅರ್ಥವೇ ಮೊದಲು ಬಂದು ಬೀಳುತ್ತದೆ. ಪುಕ್ಕಟೆ ಅಕ್ಕಿ ತಿಂದು ಬೆಳೆದಿದ್ದಾಳೆ, ಕೂತು ತಿಂದು ಕೊಬ್ಬಿದ್ದಾಳೆ ಎಂಬ ಮಾತನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ, ಅತ್ಯಂತ ನೋವಿನಿಂದ ಹೇಳುತ್ತೇನೆ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಕೇಳಿದ್ದೇನೆ. ಮಂಡಿನೋವೆಂದು ಬಂದವಳನ್ನು ಪರೀಕ್ಷಿಸುವ ಮೊದಲೇ "ಮೊದಲು ತೂಕ ಇಳಿಸ್ಕೊಂಡು ಬಾ" ಎಂದು ಕಳಿಸಿದರೆ ಅವಳು ತೂಕ ಇಳಿಸಿಕೊಂಡು ಬರುವುದಿಲ್ಲ. ಬರುವುದನ್ನೇ ಬಿಡುತ್ತಾಳೆ.

ಇದು ಒಂದು ತಾಲ್ಲೂಕಿನ ಕಥೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 23.3ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರಾಗಿದ್ದರು. 2019-21ರ ಹೊತ್ತಿಗೆ ಅದು ಶೇ 30.1ಕ್ಕೆ ಏರಿತು. ಗಂಡಸರದು ಶೇ 22.1ರಿಂದ 30.9ಕ್ಕೆ. ಅದೇ ಸಮೀಕ್ಷೆಯಲ್ಲಿ, ಅದೇ ರಾಜ್ಯದಲ್ಲಿ, ಶೇ 17.2ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು, ಶೇ 47.8ರಷ್ಟು ಹೆಂಗಸರಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಅಂಕಿಗಳನ್ನು ಬೇರೆಬೇರೆ ಕಾರ್ಯಕ್ರಮಗಳ ಬೇರೆಬೇರೆ ಸಭೆಗಳಲ್ಲಿ ಓದುವ ನಮ್ಮ ರೂಢಿಯಿಂದಾಗಿ ಇವು ಒಂದೇ ಅಡುಗೆಮನೆಯಿಂದ ಬಂದವೆಂಬುದು ಮರೆತುಹೋಗುತ್ತದೆ.

ಇಲ್ಲೊಂದು ಆಕ್ಷೇಪಣೆ ಬರುವುದು ಸಹಜ. ಭಾರತದಲ್ಲಿ ಬೊಜ್ಜು ಇಂದಿಗೂ ಬಡವರಿಗಿಂತ ಉಳ್ಳವರಲ್ಲೇ ಹೆಚ್ಚು, ಹಳ್ಳಿಗಿಂತ ಪಟ್ಟಣದಲ್ಲೇ ಹೆಚ್ಚು, ಹಾಗಿರುವಾಗ ಇದನ್ನು ಅಸಮಾನತೆಯ ಪ್ರಶ್ನೆ ಎನ್ನುವುದು ಹೇಗೆ ಎಂದು ಕೇಳಬಹುದು. ಮಾತು ನಿಜ. ಆದರೆ ಏರಿಕೆ ಎಲ್ಲಿ ಆಗುತ್ತಿದೆ ನೋಡಿ. ದೇಶದ ಪಟ್ಟಣಗಳ ಹೆಂಗಸರಲ್ಲಿ ಆ ಐದು ವರ್ಷಗಳಲ್ಲಿ ಅದು ಶೇ 31.3ರಿಂದ 33.2ಕ್ಕೆ ಹೋದರೆ, ಹಳ್ಳಿಯ ಹೆಂಗಸರಲ್ಲಿ 15.0ಯಿಂದ 19.7ಕ್ಕೆ ಹೋಯಿತು. ಶ್ರೀಮಂತ ದೇಶಗಳಲ್ಲಿ ಬೊಜ್ಜು ಮೊದಲು ಉಳ್ಳವರ ಮನೆಗೆ ಬಂದು, ಆಮೇಲೆ ಅವರ ಮನೆ ಬಿಟ್ಟು ಬಡವರ ಬೀದಿಯಲ್ಲಿ ನೆಲೆಯೂರಿತು. ನಾವೂ ಅದೇ ದಾರಿಯಲ್ಲಿದ್ದೇವೆ. ಅಲ್ಲದೆ ಬೊಜ್ಜು ಒಂದೇ ಆದರೂ ಅದರಿಂದ ಹೊರಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ತೂಕ ಇಳಿಸುವ ಹೊಸ ಚುಚ್ಚುಮದ್ದು ಮೌಂಜಾರೋ 2025ರ ಮಾರ್ಚ್‌ನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ ಅದರ ಅತಿ ಸಣ್ಣ ಪ್ರಮಾಣದ ಒಂದು ವಾರದ ಬೆಲೆ 3,500 ರೂಪಾಯಿ, ಅಂದರೆ ತಿಂಗಳಿಗೆ 14,000. ಇದು ಹೊಲಿಗೆ ಯಂತ್ರದ ಮುಂದೆ ಕೂರುವ ಒಬ್ಬ ಟೈಲರ್‌ಳ ಒಂದು ತಿಂಗಳ ಸಂಬಳದ ಆಸುಪಾಸಿನ ಮೊತ್ತ. ಉಳ್ಳವರಿಗೆ ಜಿಮ್ಮು, ಆಹಾರ ತಜ್ಞರು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವೆ. ಇವಳ ಪಾಲಿಗೆ ಇರುವುದು ನನ್ನ ಬುದ್ಧಿಮಾತು.

ಬಡವರ ಬೊಜ್ಜಿಗೆ ಇನ್ನೂ ಹಳೆಯ ಬೇರೊಂದಿದೆ, ಅದು ಹುಟ್ಟುವ ಮೊದಲಿನದು. ನಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು ಸಂಶೋಧಕರು ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಆ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಅವರ ಸಂಗಡಿಗರು ಪುಣೆ ಸುತ್ತಲಿನ ಹಳ್ಳಿಯ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿ ನೋಡಿದರು. ನಮ್ಮವು ಸರಾಸರಿ 2.7 ಕೆ.ಜಿ., ಅವರವು 3.5 ಕೆ.ಜಿ. ಸ್ನಾಯು, ಎತ್ತರ, ಹೊಟ್ಟೆಯ ಭಾಗ ಎಲ್ಲವೂ ನಮ್ಮ ಶಿಶುಗಳಲ್ಲಿ ಕಡಿಮೆ, ಚರ್ಮದ ಕೆಳಗಿನ ಕೊಬ್ಬೊಂದು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ತಾಯಿಯ ಅರೆಹೊಟ್ಟೆಯಲ್ಲಿ ಬೆಳೆದ ಮೈ ಬರಗಾಲಕ್ಕೆ ಸಿದ್ಧವಾಗಿ ಹುಟ್ಟುತ್ತದೆ. ಆಮೇಲೆ ಅದಕ್ಕೆ ಸಿಗುವುದು ಬಿಳಿ ಅಕ್ಕಿ, ಸಕ್ಕರೆ, ಎಣ್ಣೆ ಮತ್ತು ಕುರ್ಚಿ. ಸೇವೆಯ ಹೊಸತರಲ್ಲಿ ನಾನು ತಕ್ಕಡಿಯಲ್ಲಿ ತೂಗಿದ ಎರಡು ಕೆ.ಜಿ. ಚಿಲ್ಲರೆಯ ಹೆಣ್ಣುಕೂಸುಗಳಲ್ಲಿ ಕೆಲವರು ಇಂದು ನನ್ನ ಟೇಪಿನಲ್ಲಿ 90 ದಾಟಿದವರು. ಹಸಿವಿನ ಕಾರ್ಯಕ್ರಮ ಬೇರೆ, ಬೊಜ್ಜಿನ ಕಾರ್ಯಕ್ರಮ ಬೇರೆ ಎಂದು ನನಗೆ ಇನ್ನು ಅನ್ನಿಸುವುದಿಲ್ಲ.

ಆಹಾರ ಸಚಿವರೇ, ಈಗ ನಿಮ್ಮ ಇಲಾಖೆಯ ಮಾತಿಗೆ ಬರುತ್ತೇನೆ. 2013ರ ಜುಲೈನಲ್ಲಿ ಶುರುವಾದ ಅನ್ನಭಾಗ್ಯವನ್ನು ಹೀಗಳೆಯಲು ನಾನು ಬಾಯಿ ತೆರೆಯುವುದಿಲ್ಲ. ತಿಂಗಳ ಕೊನೆಗೆ ಸೇರು ಅಕ್ಕಿಗೆ ನೆರೆಮನೆಯ ಬಾಗಿಲಲ್ಲಿ ನಿಲ್ಲುವ ಅವಮಾನವನ್ನು ಅದು ನಮ್ಮ ಹಳ್ಳಿಗಳಿಂದ ತೊಲಗಿಸಿತು. ಅದನ್ನು ಕಣ್ಣಾರೆ ಕಂಡವಳು ನಾನು. ನನ್ನ ಅಹವಾಲು ಅದರ ಮುಂದಿನ ಹೆಜ್ಜೆಯ ಬಗ್ಗೆ. 2025ರಲ್ಲಿ ಕೊಡುತ್ತಿದ್ದ ತಲಾ 10 ಕೆ.ಜಿ. ಅಕ್ಕಿ ಎಂದರೆ ದಿನಕ್ಕೆ ಸುಮಾರು 330 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ದಿನದ ತಟ್ಟೆಗೆ ಹೇಳಿರುವುದು ಎಲ್ಲ ಧಾನ್ಯ ಸೇರಿ 250 ಗ್ರಾಂ. ಅದರ ಜೊತೆಗೆ ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಾಲು ಮೊಸರು 300 ಮಿ.ಲೀ., ಹಣ್ಣು 100 ಗ್ರಾಂ. ಧಾನ್ಯವನ್ನು ಪೂರ್ತಿಯಾಗಿ, ಅದಕ್ಕಿಂತ ಹೆಚ್ಚಾಗಿಯೇ ಕೊಟ್ಟು, ತಟ್ಟೆಯ ಉಳಿದ ಭಾಗವನ್ನೆಲ್ಲ ಸಂತೆಯ ಬೆಲೆಗೆ ಬಿಟ್ಟಿದ್ದೆವು. ಸಂತೆಯ ಬೆಲೆ ಏರಿದ ದಿನ ತಟ್ಟೆಯಲ್ಲಿ ಉಳಿಯುವುದು ಅನ್ನವೊಂದೇ.

ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಬೇಕೆಂದು ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದಾಗ, ಅದರಲ್ಲಿ ತೊಗರಿಬೇಳೆ ಇರುವುದನ್ನು ಓದಿ ನಿಜವಾಗಿ ಸಂತೋಷಪಟ್ಟೆ. ಆದರೆ ಅದೇ ಪಟ್ಟಿಯಲ್ಲಿ ಸಕ್ಕರೆ, ಉಪ್ಪು, ಅಡುಗೆ ಎಣ್ಣೆಯೂ ಇದ್ದವು. ಅದೇ ವರ್ಷದ ಆರಂಭದಲ್ಲಿ ಪ್ರಧಾನಿಯವರು ಮನೆಮನೆಯೂ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ಇಳಿಸಬೇಕೆಂದು ರೇಡಿಯೋದಲ್ಲಿ ಕರೆ ಕೊಟ್ಟಿದ್ದರು. ಒಂದು ಸರ್ಕಾರ ಕಡಿಮೆ ಮಾಡಿ ಎನ್ನುವುದನ್ನು ಇನ್ನೊಂದು ಸರ್ಕಾರ ಚೀಲದಲ್ಲಿ ಹಾಕಿ ಕೊಟ್ಟರೆ ಹೆಣ್ಣುಮಗಳು ಯಾರ ಮಾತು ಕೇಳಬೇಕು? ಉಪ್ಪು, ಸಕ್ಕರೆ ನಮ್ಮ ಯಾವ ಮನೆಯಲ್ಲೂ ಕೊರತೆಯಿರುವ ಪದಾರ್ಥಗಳಲ್ಲ. ಆ ಹಣದಲ್ಲಿ ಬೇಳೆಯ ತೂಕ ಹೆಚ್ಚಿಸಿ, ಹೆಸರುಕಾಳು, ಹುರುಳಿ, ಅಲಸಂದೆ, ಕಡಲೆಕಾಯಿ ಕೊಡಿ. ಇವೆಲ್ಲ ಈ ನೆಲದಲ್ಲಿ ಬೆಳೆಯುವಂಥವು. ಹುರುಳಿ ಸಾರು, ಕಾಳಿನ ಉಪ್ಸಾರು ಮಾಡುವುದನ್ನು ನಮ್ಮ ಹೆಂಗಸರಿಗೆ ಯಾವ ತಜ್ಞರೂ ಕಲಿಸಬೇಕಿಲ್ಲ. ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳವನ್ನು ಆಗೊಮ್ಮೆ ಈಗೊಮ್ಮೆ ಅಲ್ಲದೆ ವರ್ಷವಿಡೀ, ಕಲ್ಲು ಮಣ್ಣಿಲ್ಲದೆ ಕೊಡಿ. ರಾಗಿ ತಿಂದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ ಎಂಬುದೂ ನನಗೆ ಗೊತ್ತಿದೆ, ತೂಕಕ್ಕೆ ತೂಕ ಹಾಕಿದರೆ ಅದರ ಕ್ಯಾಲರಿ ಅಕ್ಕಿಯದಕ್ಕೆ ಹತ್ತಿರವೇ ಇದೆ. ಆದರೆ ನಾರು ಹೆಚ್ಚು, ನೂರು ಗ್ರಾಮಿಗೆ 340 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಬೇಗ ಹಸಿವಾಗುವುದಿಲ್ಲ. ಬೀಸಿದ ಹಿಟ್ಟಾಗಿ ಸಿಕ್ಕರೆ ಮಿಲ್ಲಿಗೆ ಹೋಗುವ ಹೊತ್ತೂ ಉಳಿಯುತ್ತದೆ.

ಆರೋಗ್ಯ ಸಚಿವರೇ, ಆಹಾರ ಸುರಕ್ಷತಾ ಅಧಿಕಾರಿಗಳು ನಿಮ್ಮ ಅಧೀನದಲ್ಲಿದ್ದಾರೆ. ಕೊಬ್ಬು, ಸಕ್ಕರೆ, ಉಪ್ಪು ಅತಿಯಾಗಿರುವ ತಿನಿಸುಗಳನ್ನು ಶಾಲೆಯ ಒಳಗಾಗಲಿ ಶಾಲೆಯ ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರಬಾರದೆಂಬ ನಿಯಮ 2020ರಿಂದಲೂ ಇದೆ. ನನ್ನ ವ್ಯಾಪ್ತಿಯ ಒಂದು ಸರ್ಕಾರಿ ಶಾಲೆಯ ಗೇಟಿನಿಂದ ಎದುರಿನ ಪೆಟ್ಟಿಗೆ ಅಂಗಡಿಗೆ ನಾನು ಎಣಿಸಿದ್ದು ಹದಿನೆಂಟು ಹೆಜ್ಜೆ. ಬಾಗಿಲಿನಿಂದ ಚಾವಣಿಯವರೆಗೆ ಮಾಲೆಮಾಲೆಯಾಗಿ ತೂಗುಬಿದ್ದಿರುವುದು ಐದು ರೂಪಾಯಿಯ ಪೊಟ್ಟಣಗಳು. ಆ ಅಂಗಡಿಯವಳು ವಿಧವೆ, ಅವಳಿಗೂ ಅದೇ ಜೀವನಾಧಾರ, ಅವಳ ಮೇಲೆ ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ಕಡಲೆಕಾಯಿ ಬರ್ಫಿ, ಬೇಯಿಸಿದ ಕಾಳು, ಬಾಳೆಹಣ್ಣು, ಮಜ್ಜಿಗೆ ಮಾರಿದರೂ ಅಷ್ಟೇ ಲಾಭ ಉಳಿಯುವಂತೆ ಸ್ವಸಹಾಯ ಸಂಘಗಳ ಮೂಲಕ ಅವಳಿಗೆ ಸರಕು ಒದಗಿಸಿ, ಆಮೇಲೆ ನಿಯಮ ಜಾರಿ ಮಾಡಿ. ಶಾಲೆಯೊಳಗೆ ಸರ್ಕಾರ ಒಳ್ಳೆಯ ಕೆಲಸವನ್ನೇ ಮಾಡಿದೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ 2024ರಿಂದ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಒಳಗೆ ಮೊಟ್ಟೆ, ಹೊರಗೆ ಪೊಟ್ಟಣ ಎಂಬ ಈ ಹಗ್ಗಜಗ್ಗಾಟದಲ್ಲಿ ಸರ್ಕಾರ ಗೇಟಿನ ಹೊರಗೂ ಹದಿನೆಂಟು ಹೆಜ್ಜೆ ಇಡಬೇಕಿದೆ.

ತೆರಿಗೆಯ ವಿಚಾರ ಕೇಂದ್ರದ ಕೈಯಲ್ಲಿದೆ ಎನ್ನುತ್ತಾರೆ, ಆದರೆ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಕ್ಕೂ ಒಂದು ಕುರ್ಚಿಯಿದೆ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆಯ ತಂಪು ಪಾನೀಯಗಳಿಗೆ ಶೇ 40ರ ತೆರಿಗೆ ಬಂತು, ಒಳ್ಳೆಯದು. ಅದೇ ದಿನದಿಂದ ಬಿಸ್ಕತ್ತು, ಚಾಕೊಲೇಟು, ಪೊಟ್ಟಣದ ಖಾರದ ತಿಂಡಿ, ನೂಡಲ್ಸ್ ಇವೆಲ್ಲವೂ ಶೇ 5ಕ್ಕೆ ಇಳಿದವು. ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಅವರ ಮಕ್ಕಳೂ ನಿತ್ಯ ತಿನ್ನುವುದು ಈ ಎರಡನೆಯ ಪಟ್ಟಿಯದನ್ನು. 2016ರಲ್ಲಿ ಕೇರಳ ಸರ್ಕಾರ ಪಿಜ್ಜಾ ಬರ್ಗರ್‌ಗಳಿಗೆ ಶೇ 14.5ರ ಕೊಬ್ಬಿನ ತೆರಿಗೆ ಹಾಕಿದಾಗಲೂ ಅದು ಮುಟ್ಟಿದ್ದು ಬ್ರ್ಯಾಂಡೆಡ್ ಹೋಟೆಲುಗಳನ್ನಷ್ಟೇ. ಪೊಟ್ಟಣದ ಮುಖದ ಮೇಲೆಯೇ ಎಚ್ಚರಿಕೆ ಹಾಕುವ ವಿಚಾರದಲ್ಲಂತೂ ನಾವು ತಿನಿಸಿನ ಗುಣಕ್ಕೆ ತಕ್ಕಂತೆ ಪೊಟ್ಟಣಕ್ಕೆ ನಕ್ಷತ್ರ ಕೊಡುವ ಪದ್ಧತಿಯ 2022ರ ಕರಡಿನ ಸುತ್ತಲೇ ಸುತ್ತುತ್ತಿದ್ದೇವೆ. ಚಿಲಿ ದೇಶ 2016ರಲ್ಲೇ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮೇಲೆ ಕಪ್ಪು ಗುರುತು ಹಾಕಿಸಿತು. ಓದು ಬಾರದ ಅಜ್ಜಿಗೂ ಮೊಮ್ಮಗನ ಕೈಯಲ್ಲಿರುವ ಪೊಟ್ಟಣದ ಕಪ್ಪು ಗುರುತು ತಿಳಿಯುತ್ತದೆ. ಮೂರೂವರೆ ನಕ್ಷತ್ರ ಎಂದರೆ ನನಗೂ ತಿಳಿಯುವುದಿಲ್ಲ.

ಕಾರ್ಮಿಕ ಸಚಿವರೇ, ಈ ಪತ್ರದ ಅತಿ ಮುಖ್ಯವಾದ ಕೋರಿಕೆ ನಿಮ್ಮಲ್ಲಿದೆ, ಏಕೆಂದರೆ ಆ ಹೆಣ್ಣುಮಗಳು ಕೇಳಿದ ಹೊತ್ತು ನಿಮ್ಮ ಇಲಾಖೆಯ ಕೈಯಲ್ಲಿದೆ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಲು ಅವಕಾಶ ಮಾಡಿತು. ಮೂರು ತಿಂಗಳ ಹೆಚ್ಚುವರಿ ಕೆಲಸದ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಗಾಡಿಯಲ್ಲಿ ಹೋಗಿಬರುವ ಎರಡು ಮೂರು ತಾಸನ್ನು, ಮನೆಯ ಅಡುಗೆ ಪಾತ್ರೆ ಬಟ್ಟೆಯ ಕೆಲಸವನ್ನು ಇದಕ್ಕೆ ಸೇರಿಸಿ. ಉಳಿಯುವುದು ಐದು ತಾಸಿನ ನಿದ್ದೆ. ನಿದ್ದೆಗೆಟ್ಟ ಮೈ ಹೆಚ್ಚು ಹಸಿಯುತ್ತದೆ, ಸಿಹಿಯನ್ನೂ ಎಣ್ಣೆಯದನ್ನೂ ಬೇಡುತ್ತದೆ ಎಂಬುದು ವೈದ್ಯರೆಲ್ಲ ಒಪ್ಪುವ ಮಾತು. ಅವಳು ಕೂತು ತಿನ್ನುವವಳಲ್ಲ, ಕೂರಿಸಿ ದುಡಿಸಿಕೊಂಡವಳು.

ಇದರಿಂದ ಗಾರ್ಮೆಂಟ್ಸ್ ಕೆಲಸವೇ ಬೇಡ, ಹೊಲಕ್ಕೆ ಹಿಂತಿರುಗಲಿ ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಕೂಲಿಯಲ್ಲಿ ಮೈ ತೆಳ್ಳಗಿರುತ್ತಿತ್ತು, ಬದುಕು ಅದಕ್ಕಿಂತ ತೆಳ್ಳಗಿರುತ್ತಿತ್ತು. ಆಕೆಯ ಮಗಳು ಮದ್ದೂರಿನಲ್ಲಿ ಬಿ.ಕಾಂ. ಓದುತ್ತಿರುವುದು ಆ ಸಂಬಳದಿಂದಲೇ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾನು ಮರೆಯುವುದಿಲ್ಲ. ನಾನು ಕೇಳುವುದು ಆ ಕೆಲಸದೊಳಗೇ ಆಗಬಹುದಾದ ಬದಲಾವಣೆಯನ್ನು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನು ಇರಬೇಕೆಂದು 1948ರ ಕಾಯ್ದೆ ಹೇಳಿತ್ತು. ಹೊಸ ಕಾರ್ಮಿಕ ಸಂಹಿತೆ ಅದನ್ನು 100ಕ್ಕೆ ಇಳಿಸಿದೆ. ಅಲ್ಲಿ ಬಿಸಿ ಮುದ್ದೆ, ಕಾಳಿನ ಸಾರು, ಪಲ್ಯ, ಮೊಟ್ಟೆ, ಮಜ್ಜಿಗೆಯ ಊಟ ಕೊಡುವಂತೆ ರಾಜ್ಯದ ನಿಯಮದಲ್ಲಿ ಬರೆಯಿರಿ. 2017ರಿಂದ ಇಂದಿರಾ ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಗೆ ಊಟ ಬಡಿಸಿದ ಸರ್ಕಾರಕ್ಕೆ ಕಾರ್ಖಾನೆಯ ಗೇಟಿನೊಳಗೆ ಅದನ್ನು ಮಾಡಿಸುವುದು ಅಸಾಧ್ಯವಲ್ಲ. ಊಟಕ್ಕೆ ಈಗಿರುವ ಅರ್ಧ ಗಂಟೆಯಲ್ಲಿ ಕೈತೊಳೆಯುವ ಸಾಲು, ಶೌಚಾಲಯದ ಸಾಲು ಕಳೆದು ಉಳಿಯುವುದು ಹತ್ತು ಹದಿನೈದು ನಿಮಿಷ. ಅದನ್ನು ಮುಕ್ಕಾಲು ಗಂಟೆ ಮಾಡಿ. ಎರಡು ತಾಸಿಗೊಮ್ಮೆ ಐದೈದು ನಿಮಿಷ ಎದ್ದು ಓಡಾಡುವ ವಿರಾಮವನ್ನು ಟಾರ್ಗೆಟ್‌ನ ಲೆಕ್ಕದೊಳಗೇ ಸೇರಿಸಿ, ಇಲ್ಲವಾದರೆ ಅದು ಕಾಗದದ ಮೇಲೆ ಮಾತ್ರ ಇರುತ್ತದೆ.

ಬಸುರಿಯರ ವಿಚಾರ ಇನ್ನೊಂದು. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ಇದೆ. ಏಳನೆಯ ತಿಂಗಳವರೆಗೂ ಗಾರ್ಮೆಂಟ್ಸ್‌ಗೆ ಹೋಗುವ ಬಸುರಿ ಮಧ್ಯಾಹ್ನ ಹನ್ನೆರಡೂವರೆಗೆ ತನ್ನೂರಿನ ಅಂಗನವಾಡಿಗೆ ಬರುವುದು ಹೇಗೆ? ಅವಳ ಹೆಸರು ದಾಖಲೆಯಲ್ಲಿರುತ್ತದೆ, ಅವಳ ಮೊಟ್ಟೆ ಅವಳಿಗೆ ಮುಟ್ಟುವುದಿಲ್ಲ. ಆ ಊಟವನ್ನು ಕಾರ್ಖಾನೆಯಲ್ಲೇ ಪಡೆಯುವ ವ್ಯವಸ್ಥೆ ಮಾಡಿದರೆ, ಮೈಸೂರಿನ ಆ ಹಳೆಯ ಪುಸ್ತಕಗಳು ತೋರಿಸಿದ ಬೇರಿಗೇ ಮದ್ದು ಹಾಕಿದಂತಾಗುತ್ತದೆ.

ಕೊನೆಯದಾಗಿ ಆರೋಗ್ಯ ಇಲಾಖೆಗೆ ಮತ್ತೆರಡು ಮಾತು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯಿಂದ ಮನೆಬಾಗಿಲಲ್ಲಿ ಬಿ.ಪಿ., ಸಕ್ಕರೆ ಪತ್ತೆಯಾಗುತ್ತಿರುವುದು ದೊಡ್ಡ ಕೆಲಸ. ಆದರೆ ಪತ್ತೆಯಾದ ಮೇಲೆ ಆಕೆ ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ಕಾಯಿಲೆಗಳ ಕ್ಲಿನಿಕ್ಕು ತೆರೆದಿರುವ ಹೊತ್ತಿನಲ್ಲಿ ಆಕೆ ಯಂತ್ರದ ಮುಂದೆ ಇರುತ್ತಾಳೆ. ಒಂದು ದಿನ ರಜೆ ಹಾಕಿದರೆ ಹಾಜರಿ ಭತ್ಯೆಗೂ ಕತ್ತರಿ. ವಾರಕ್ಕೊಂದು ಸಂಜೆ ಅಥವಾ ಭಾನುವಾರ ಕ್ಲಿನಿಕ್ಕು ನಡೆಸಿ, ತಾಲ್ಲೂಕಿಗೆ ಒಬ್ಬ ಆಹಾರ ತಜ್ಞೆಯನ್ನಾದರೂ ನೇಮಿಸಿ. ಸೊಂಟ ಅಳೆಯುವ ಅರ್ಜಿಗೆ ಇನ್ನೆರಡು ಸಾಲು ಸೇರಿಸಿ: ರಾತ್ರಿ ಎಷ್ಟು ತಾಸು ನಿದ್ದೆ, ದಿನಕ್ಕೆ ಎಷ್ಟು ತಾಸು ಕುಳಿತು ಕೆಲಸ. ಈಗಿನ ಅರ್ಜಿಯಲ್ಲಿ ಹೆಂಗಸಿನ ಅಭ್ಯಾಸಗಳಿಗೆ ಅಂಕವಿದೆ, ಆಕೆ ಕೂತು ದುಡಿಯುವ ತಾಸುಗಳಿಗೆ ಕಾಲಮ್ಮೇ ಇಲ್ಲ.

ಮುಂದಿನ ಆಯವ್ಯಯದ ಸಿದ್ಧತೆ ಶುರುವಾಗುವ ಮೊದಲು ನೀವು ಮೂವರೂ ಒಂದು ಬೆಳಿಗ್ಗೆ ನಮ್ಮ ತಾಲ್ಲೂಕಿಗೆ ಬರಬೇಕೆಂದು ವಿನಂತಿಸುತ್ತೇನೆ. ಸಭೆ, ಸ್ವಾಗತ ಏನೂ ಬೇಡ. ಆರು ಗಂಟೆಗೆ ಹಳ್ಳಿಯ ಸರ್ಕಲ್ಲಿನಲ್ಲಿ ಗಾಡಿಗಾಗಿ ಕಾಯುವ ಹೆಣ್ಣುಮಕ್ಕಳ ಜೊತೆ ಹತ್ತು ನಿಮಿಷ ನಿಂತು, ಅವರ ಊಟದ ಡಬ್ಬಿಯಲ್ಲಿ ಏನಿದೆ ಎಂದು ಕೇಳಿ. ನಾನೂ ಅಲ್ಲಿರುತ್ತೇನೆ. ಯಾವ ಹೊತ್ತಿನಲ್ಲಿ ನಡೆಯಲಿ ಎಂದು ನನ್ನನ್ನು ಕೇಳಿದವಳು ಆ ಸಾಲಿನಲ್ಲೇ ನಿಂತಿರುತ್ತಾಳೆ. ಅಂದು ನಾನು ಕೊಡಲಾಗದ ಉತ್ತರವನ್ನು ನಿಮ್ಮ ಮೂರು ಇಲಾಖೆಗಳು ಸೇರಿ ಕೊಡಬಲ್ಲವು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ